ಜನಪದ ಗಾಯನದ ಅಂಕೀಯ ಧ್ವನಿಮುದ್ರಣ: ಮಟ್ಟ ಮತ್ತು ಬಿಟ್‌ಗಳ ವಿಚಾರ

ಸಂಡೂರು, ಹೊಸಪೇಟೆ, ಕಂಪ್ಲಿಗಳ ಸುತ್ತಿನ ಹಳ್ಳಿಗಳಲ್ಲಿ ದೀರ್ಘ ಕಥನಗೀತಗಳು ಬಾಯಿಂದ ಬಾಯಿಗೆ ಉಳಿದು ಬಂದಿರುವುದು ವಿದಿತವೇ ಆಗಿದೆ. ಬುರ್ರಕಥೆಗೆ ಹೆಸರಾದ ದರೋಜಿ ಈರಮ್ಮನವರು 2014ರಲ್ಲಿ ತೀರಿಕೊಂಡರು. ಇಂತಹ ಗಾಯಕರ ಕಥೆಯನ್ನು ಬರೆದಿಡಬಹುದು. ಆದರೆ ಕಂಠದ ಏರಿಳಿತ, ಉಸಿರಿನ ನಿಲುಗಡೆ, ವಾದ್ಯದ ಪೆಟ್ಟು ಇವು ಧ್ವನಿಮುದ್ರಣದಲ್ಲಿ ಮಾತ್ರ ಉಳಿಯತಕ್ಕವು. ಮುದ್ರಣ ಕೆಟ್ಟರೆ ಮತ್ತೆ ಹಾಡಿಸಲು ಹಾಡುವವರೇ ಇಲ್ಲದಿರಬಹುದು. ಆದುದರಿಂದ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ಅರಿತಿರಬೇಕಾದ ಎರಡು ಸಂಗತಿಗಳನ್ನು ಇಲ್ಲಿ ವಿವರಿಸುತ್ತೇವೆ.

ಅಂಕೀಯ ಯಂತ್ರವು ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಅಥವಾ 48,000 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದುಕೊಳ್ಳುತ್ತದೆ. ಆ ಸಂಖ್ಯೆಗೆ ಮೀಸಲಾದ ಬಿಟ್‌ಗಳು 16 ಆದರೆ ಅಳತೆಗೋಲಿನಲ್ಲಿ 65,536 ಮೆಟ್ಟಿಲುಗಳಿರುತ್ತವೆ. 24 ಆದರೆ 1,67,77,216. ಅಲೆಯ ನಿಜವಾದ ಎತ್ತರವು ಎರಡು ಮೆಟ್ಟಿಲುಗಳ ನಡುವೆ ಬಿದ್ದಾಗ ಯಂತ್ರವು ಸಮೀಪದ ಮೆಟ್ಟಿಲನ್ನೇ ಬರೆಯುತ್ತದೆ. ಈ ಅಲ್ಪ ವ್ಯತ್ಯಾಸವೇ ಸಣ್ಣ ಗದ್ದಲವಾಗಿ ಧ್ವನಿಯ ತಳದಲ್ಲಿ ಉಳಿಯುವುದು. ಒಂದೊಂದು ಬಿಟ್ ಹೆಚ್ಚಿದಂತೆ ಈ ಗದ್ದಲವು ಸುಮಾರು 6 ಡೆಸಿಬೆಲ್‌ನಷ್ಟು ತಗ್ಗುತ್ತದೆ. ಅರ್ಥಾತ್ 16 ಬಿಟ್‌ಗಳ ವ್ಯಾಪ್ತಿ ಸುಮಾರು 96 ಡೆಸಿಬೆಲ್. 24 ಬಿಟ್‌ಗಳದು ಲೆಕ್ಕದಲ್ಲಿ 144. ಆದರೆ ವಿದ್ಯುನ್ಮಂಡಲದ ಸ್ವಂತ ಗದ್ದಲದ ಕಾರಣ ಉತ್ತಮ ಯಂತ್ರಗಳಲ್ಲಿಯೂ ಇದು 120ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಇನ್ನು ಮಟ್ಟದ ವಿಚಾರ. ಅಂಕೀಯ ಮಾಪಕದಲ್ಲಿ ಸೊನ್ನೆಯೇ ಮಾಳಿಗೆ. ಅದನ್ನು ಮೀರಿದ ಅಲೆಯನ್ನು ಬರೆಯಲು ಸಂಖ್ಯೆಯೇ ಇಲ್ಲವಾದ್ದರಿಂದ ಅಲೆಯ ತಲೆ ಚಪ್ಪಟೆಯಾಗಿ, ಧ್ವನಿ ಒಡೆದಂತೆ ಕೇಳುತ್ತದೆ. ಹೀಗೆ ಕತ್ತರಿಸಿಹೋದುದನ್ನು ಅನಂತರ ಊಹೆಯಿಂದ ತುಂಬಬಹುದೇ ಹೊರತು ಮರಳಿ ಪಡೆಯಲಾಗದು. ಹಳೆಯ ಕಾಂತಪಟ್ಟಿಯ ಸ್ವಭಾವ ಬೇರೆ: ಅದು ಕ್ರಮಕ್ರಮವಾಗಿ ತುಂಬುತ್ತಿತ್ತು, ಅದರ ಸುಯ್ ಸದ್ದನ್ನು ಮುಚ್ಚಲು ಮಟ್ಟವನ್ನು ಏರಿಸಿಯೇ ಮುದ್ರಿಸಬೇಕಾಗಿತ್ತು. ಆ ಅಭ್ಯಾಸವನ್ನು ಅಂಕೀಯ ಯಂತ್ರಕ್ಕೂ ಅನ್ವಯಿಸುವುದು ಅಪಾಯಕರ.

ಹಾಗಾದರೆ ಮಟ್ಟವನ್ನು ಎಷ್ಟು ತಗ್ಗಿಸಬಹುದು? ಗಾಯನದ ಶಿಖರಗಳು ಸೊನ್ನೆಗಿಂತ 24 ಡೆಸಿಬೆಲ್ ಕೆಳಗೆ ನಿಂತರೆ ಮೇಲಿನ 4 ಬಿಟ್‌ಗಳು ಬರಿದಾಗುತ್ತವೆ. 16ರಲ್ಲಿ ಉಳಿಯುವುದು 12, ಎಂದರೆ 4,096 ಮೆಟ್ಟಿಲುಗಳು. 24ರಲ್ಲಾದರೋ 20, ಎಂದರೆ 10,48,576. ಅನಂತರ ಧ್ವನಿಯನ್ನು ಏರಿಸಿದರೆ ತಳದ ಗದ್ದಲವೂ ಅಷ್ಟೇ ಏರುವುದು.

ಬಂಡ್ರಿಯಂತಹ ಊರಿನ ಗುಡಿಯ ಕಟ್ಟೆಯ ಮೇಲೆ ರಾತ್ರಿ ಕಥೆ ನಡೆಯುವುದೆಂದು ಭಾವಿಸೋಣ. ಗಾಳಿ, ಜೀರುಂಡೆ, ದೂರದ ಲಾರಿಗಳ ಸದ್ದು ಸೇರಿ 35 ಡೆಸಿಬೆಲ್ ಇದ್ದು, ಹಾಡಿನ ಶಿಖರ ಮೈಕಿನ ಬಳಿ 95 ಮುಟ್ಟಿದರೆ ನಡುವಣ ಅಂತರ 60 ಮಾತ್ರ. ಇದಕ್ಕೆ 16 ಬಿಟ್‌ಗಳೇ ಸಾಕು! ಹಾಗಿದ್ದರೆ 24ರ ಪ್ರಯೋಜನವೇನು? ಅದು ಹಾಡನ್ನು ಇಂಪುಗೊಳಿಸುವುದಿಲ್ಲ. ಅನಿರೀಕ್ಷಿತವಾದ ಚರ್ಮವಾದ್ಯದ ಪೆಟ್ಟಿಗೆ ಮೇಲೆ ಧಾರಾಳವಾಗಿ ಜಾಗ ಬಿಡಲು ಅವಕಾಶ ಕೊಡುತ್ತದೆ. ಸುತ್ತಲಿನ ಸದ್ದಿಗೆ ಬಿಟ್‌ಗಳಲ್ಲಿ ಪರಿಹಾರವಿಲ್ಲ, ಮೈಕಿನ ಸ್ಥಾನದಲ್ಲಿದೆ. ಬಯಲಿನಲ್ಲಿ ಮೈಕನ್ನು ಗಾಯಕರಿಗೆ ಅರ್ಧದಷ್ಟು ದೂರಕ್ಕೆ ತಂದರೆ ಅವರ ಧ್ವನಿ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಇದು ಒಂದು ಬಿಟ್ಟಿನ ಲಾಭಕ್ಕೆ ಸಮ.

ಆದುದರಿಂದ 24 ಬಿಟ್‌ಗಳಲ್ಲಿ, ಸೆಕೆಂಡಿಗೆ 48,000ಕ್ಕೆ ಕಡಿಮೆಯಿಲ್ಲದ ಅಳತೆಗಳಲ್ಲಿ ಮುದ್ರಿಸುವುದು ಯುಕ್ತ. ಮೊದಲು ಅತ್ಯಂತ ಗಟ್ಟಿಯಾದ ಭಾಗವನ್ನು ಹಾಡಿಸಿ, ಶಿಖರಗಳು ಸೊನ್ನೆಗಿಂತ 12 ಡೆಸಿಬೆಲ್ ಕೆಳಗಿರುವಂತೆ ಮಟ್ಟವನ್ನು ನಿಲ್ಲಿಸಬೇಕು. 32 ಬಿಟ್‌ಗಳ ತೇಲುಬಿಂದು ಯಂತ್ರಗಳಲ್ಲಿ ಈ ಎಚ್ಚರ ಕಡಿಮೆ ಸಾಕಾದರೂ, ಮೈಕಿನ ಸ್ವಂತ ಮಿತಿ ಅಲ್ಲಿಯೂ ತಪ್ಪದು. ಮೂಲಪ್ರತಿಯನ್ನು ಎಂಪಿ3 ಮೊದಲಾದ ರೂಪಗಳಿಗೆ ಕುಗ್ಗಿಸದೆ, ತಿದ್ದದೆ ಕಾಪಾಡಿ, ತಿದ್ದುಪಡಿಗಳನ್ನು ನಕಲಿನಲ್ಲಿ ಮಾತ್ರ ಮಾಡತಕ್ಕದ್ದು. ಮುಂದಿನ ಸಂಶೋಧಕನಿಗೆ ಗಾಯಕರ ಬದಲು ದೊರೆಯುವುದು ಈ ಪ್ರತಿಯೊಂದೇ.