ಬಂಡೆ ತಿಳಿದವರಿಗೆ ಅಲೆ ಒಲಿಯುತ್ತದೆ

ಬಂಡೆಗಳಿರುವ ಕಡಲತೀರದ ಚಿತ್ರ ಬರೆಯಲು ಕೂತ ವಿದ್ಯಾರ್ಥಿಯ ಕಣ್ಣು ಮೊದಲು ಹೋಗುವುದು ಅಲೆಯ ಕಡೆಗೆ. ಸಿಡಿಯುವ ನೊರೆಯನ್ನು ಹಿಡಿಯುವ ಆತುರದಲ್ಲಿ ಬಂಡೆ ಬರೀ ಕಪ್ಪು ಮುದ್ದೆಯಾಗಿ ಉಳಿದುಬಿಡುತ್ತದೆ. ಆದರೆ ದಡದಲ್ಲಿ ಅಲೆಗೆ ಆಕಾರ ಕೊಡುವುದೇ ಬಂಡೆ. ಇಳಿಜಾರು ಬಂಡೆಯ ಮೇಲೆ ನೀರು ತೆಳ್ಳಗೆ ಹರಡಿಕೊಂಡು ಏರುತ್ತದೆ, ನೆಟ್ಟಗೆ ನಿಂತ ಬಂಡೆಗೆ ಬಡಿದರೆ ಮೇಲಕ್ಕೆ ಚಿಮ್ಮುತ್ತದೆ, ಮರಳುವಾಗ ಬಿರುಕುಗಳ ದಾರಿ ಹಿಡಿಯುತ್ತದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ ಇದಕ್ಕೆ ಒಳ್ಳೆಯ ಪಾಠಶಾಲೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿ ಬಂದ ಲಾವಾ ಆರುತ್ತಾ ಕುಗ್ಗಿ, ಬಿರುಕುಬಿಟ್ಟು, ಹಲವು ಮುಖದ ಕಂಬಗಳಾಗಿ ನಿಂತಿತು. ಅಲ್ಲಿ ನೀರು ಇಳಿಯುವುದು ಆ ಕಂಬಗಳ ಸಂದುಗಳಲ್ಲಿ. ದುಂಡು ಬಂಡೆಗೆ ಒಪ್ಪುವ ನೊರೆಯನ್ನು ಅವುಗಳ ಮೇಲೆ ಬರೆದರೆ ನೋಡುವವರ ಕಣ್ಣು ನಂಬುವುದಿಲ್ಲ.

ಬೆಳಕಿನ ಲೆಕ್ಕವೂ ಬಂಡೆಯಲ್ಲೇ ಸಿಗುತ್ತದೆ. ನಮ್ಮ ಕರಾವಳಿಯಲ್ಲಿ ಕಡಲಿಗೆ ಮುಖ ಮಾಡಿ ಕೂತವರಿಗೆ ಬೆಳಗಿನ ಬಿಸಿಲು ಬೆನ್ನ ಹಿಂದಿನದು. ಬಂಡೆಯ ಉಬ್ಬುತಗ್ಗು, ಒಣಭಾಗದ ತಿಳಿಬಣ್ಣ, ಒದ್ದೆಭಾಗದ ಗಾಢಬಣ್ಣ ಎಲ್ಲವೂ ಕಾಣುತ್ತವೆ. ಸಂಜೆ ಸೂರ್ಯ ಎದುರಿಗಿರುತ್ತಾನೆ. ಆಗ ಬಂಡೆ ಕಪ್ಪಾಗುತ್ತದೆ, ನೆರಳಿನಲ್ಲಿರುವ ನೊರೆ ಆಕಾಶಕ್ಕಿಂತ ಮಂಕಾಗುತ್ತದೆ. ನೊರೆಯೆಂದರೆ ಸದಾ ಅಚ್ಚ ಬಿಳಿ ಎಂದುಕೊಂಡವರು ಎಡವುವುದು ಇಲ್ಲಿ.

ಬಂಡೆಗೆ ಇಷ್ಟು ಒತ್ತು ಕೊಟ್ಟರೆ ಕಡಲಿನ ಚಲನೆ ಸತ್ತುಹೋಗುವುದಿಲ್ಲವೇ ಎಂದು ಕೇಳಬಹುದು. ಫ್ರಾನ್ಸಿನ ಕ್ಲೋದ್ ಮೊನೆ 1886ರಲ್ಲಿ ಬೆಲ್-ಇಲ್ ದ್ವೀಪದ ಅದೇ ಬಂಡೆಗಳನ್ನು ಬೇರೆ ಬೇರೆ ಹವೆಯಲ್ಲಿ ಮತ್ತೆ ಮತ್ತೆ ಬರೆದ. ಬಂಡೆ ಅಲ್ಲೇ ಇರುವುದರಿಂದಲೇ ಆ ಚಿತ್ರಗಳಲ್ಲಿ ಕಡಲು ಬದಲಾದದ್ದು ನಮಗೆ ತಿಳಿಯುತ್ತದೆ. ಅಮೆರಿಕದ ವಿನ್ಸ್ಲೋ ಹೋಮರ್ 1895ರ ‘ನಾರ್ತ್‌ಈಸ್ಟರ್’ ಚಿತ್ರದಲ್ಲಿ ಮೊದಲು ಬರೆದಿದ್ದ ಮನುಷ್ಯರನ್ನು ಆಮೇಲೆ ಅಳಿಸಿಬಿಟ್ಟ. ಉಳಿದ ಕಪ್ಪು ಬಂಡೆಯ ಎದುರು ಅಲೆಯ ತೂಕ ಕುಗ್ಗಲಿಲ್ಲ, ಹೆಚ್ಚಿತು. ಫೋಟೋ ನೋಡಿ ಬರೆದರಾಗದೇ ಎಂಬುದು ಇನ್ನೊಂದು ಮಾತು. ಫೋಟೋ ಒಂದೇ ಅಲೆಯನ್ನು ತೋರಿಸುತ್ತದೆ. ಹತ್ತಾರು ಅಲೆಗಳನ್ನು ನೋಡುತ್ತಾ ಕೂತರೆ ಮಾತ್ರ ನೀರು ಏರಿ ಇಳಿಯುವ ಖಾಯಂ ದಾರಿಗಳು ಕಾಣುತ್ತವೆ. ಆ ದಾರಿಗಳನ್ನು ಪೆನ್ಸಿಲ್‌ನಲ್ಲಿ ಗುರುತಿಸಿದ ಮೇಲೆಯೇ ಬಣ್ಣ ಕಲಸುವುದು ಒಳ್ಳೆಯದು. ಜಲವರ್ಣದಲ್ಲಿ ಅಲೆಯ ಬಿಳುಪು ಹಾಳೆಯದೇ ಬಿಳುಪು. ಅದನ್ನು ಎಲ್ಲಿ ಉಳಿಸಬೇಕೆಂದು ಕುಂಚ ತಾಗಿಸುವ ಮುಂಚೆಯೇ ಗೊತ್ತಿರಬೇಕು, ಗೊತ್ತುಮಾಡಿಕೊಡುವುದು ಬಂಡೆ.