ಹಳೆಯ ಕಾರು ಚಾಲೂ ಆಗದಿದ್ದಾಗ ದೋಷ ಹುಡುಕುವ ರೀತಿ



ಬೀಜೋಪಚಾರ, ಗೊಬ್ಬರದ ಪ್ರಮಾಣ, ಕೂಳೆ ಕಬ್ಬಿನ ನಿಗಾ ಇಂಥ ವಿಷಯಗಳನ್ನೇ ಈ ಪುಟದಲ್ಲಿ ಬರೆಯುತ್ತ ಬಂದವನು ಈ ಸಲ ಕಾರಿನ ಎಂಜಿನ್ ಬಗ್ಗೆ ಬರೆಯಲು ಕುಳಿತಿದ್ದೇನೆ. ಅದಕ್ಕೆ ಕಾರಣವಿದೆ. ಕಳೆದ ಹಂಗಾಮಿನ ಚಳಿಗಾಲದಲ್ಲಿ ನಮ್ಮ ಗಟ್‌ನ ಒಬ್ಬ ಸಭಾಸದರ ಸೊಸೆಗೆ ನಡುರಾತ್ರಿ ಹೆರಿಗೆ ಬೇನೆ ಆರಂಭವಾಯಿತು. ಮನೆಯ ಮುಂದೆ ಹಳೆಯ ಅಂಬಾಸಿಡರ್ ನಿಂತಿತ್ತು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹಿಡಿಯುವುದಿಲ್ಲ. ಹೊಡೆದು ಹೊಡೆದು ಬ್ಯಾಟರಿ ಸತ್ತಿತು. ನಾಲ್ಕು ಜನ ದೂಡಿದರು, ಆಗಲಿಲ್ಲ. ಮುಕ್ಕಾಲು ತಾಸು ಹೀಗೆ ಹೋದ ಮೇಲೆ ಪಕ್ಕದ ವಸ್ತಿಯಿಂದ ಟೆಂಪೋ ಬಂತು. ತಾಯಿ, ಮಗು ಇಬ್ಬರೂ ಕ್ಷೇಮ. ಮರುದಿನ ಬೆಳಿಗ್ಗೆ ಕಬ್ಬಿನ ನೋಂದಣಿಗೆಂದು ಅಲ್ಲಿಗೆ ಹೋದಾಗ ಬಾನೆಟ್ ಎತ್ತಿ ನೋಡಿದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಗೆ ಇಬ್ಬನಿಯ ಪಸೆ. ಒಣ ಅರಿವೆಯಿಂದ ಒರೆಸಿ, ಟ್ರ್ಯಾಕ್ಟರಿನ ಬ್ಯಾಟರಿ ಜೋಡಿಸಿದೆವು. ಅರ್ಧ ಸುತ್ತಿಗೆ ಗಾಡಿ ಹಿಡಿಯಿತು.

ಆ ಮನೆಯ ಯಜಮಾನರು ನನ್ನ ಮುಖ ನೋಡಿ ಏನೂ ಮಾತಾಡಲಿಲ್ಲ. ಅದಕ್ಕಾಗಿಯೇ ಈ ಲೇಖನ. ಒಂದು ಮಾತು ಮೊದಲೇ ಹೇಳುತ್ತೇನೆ: ಹೆರಿಗೆ, ಹಾವು ಕಡಿತ, ಎದೆನೋವು ಇಂಥ ಹೊತ್ತಿನಲ್ಲಿ ಮೊದಲು 108ಕ್ಕೆ ಫೋನು ಮಾಡಿರಿ, ಆಮೇಲೆ ಬಾನೆಟ್ ಎತ್ತಿರಿ.

ನಾನು ಎಂಜಿನಿಯರ್ ಅಲ್ಲ, ಕೃಷಿ ಪದವೀಧರ. ತಂದೆಯವರ ಕಾಲದ ಪದ್ಮಿನಿಯನ್ನು ಇನ್ನೂ ಇಟ್ಟುಕೊಂಡಿರುವುದರಿಂದ ಅದೇ ನನಗೆ ಪಾಠ ಕಲಿಸಿದೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿ ಅದಕ್ಕೂ ಎಷ್ಟೋ ಮೊದಲೇ ನಿಂತಿತ್ತು. ಈ ಗಾಡಿಗಳನ್ನು ಬಲ್ಲ ಮಿಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಆದರೆ ಇವುಗಳಲ್ಲಿ ಕಂಪ್ಯೂಟರ್ ಇಲ್ಲ. ಕಣ್ಣು, ಕಿವಿ, ಮೂಗು ಇದ್ದವರಿಗೆ ದೋಷ ಸಿಕ್ಕೇ ಸಿಗುತ್ತದೆ.

ಬೆಳೆ ಹಳದಿಯಾದಾಗ ನಾವು ಏನು ಮಾಡುತ್ತೇವೆ? ಸಾರಜನಕದ ಕೊರತೆಯೋ, ಕಬ್ಬಿಣಾಂಶದ ಕೊರತೆಯೋ, ಬೇರಿನಲ್ಲಿ ನೀರು ನಿಂತಿದೆಯೋ ಎಂದು ಒಂದೊಂದಾಗಿ ನೋಡುತ್ತೇವೆ. ನೋಡದೆ ಯೂರಿಯಾ ಸುರಿದರೆ ದುಡ್ಡು ಹಾಳು. ಎಂಜಿನ್ನಿಗೂ ಇದೇ ಮಾತು. ಚಾಲೂ ಆಗಲು ಅದಕ್ಕೆ ಬೇಕಾದವು ಕೆಲವೇ: ಸಾಕಷ್ಟು ವೇಗದಲ್ಲಿ ತಿರುಗಬೇಕು, ಸರಿಯಾದ ಹೊತ್ತಿಗೆ ಕಿಡಿ ಬೀಳಬೇಕು, ಗಾಳಿಯೊಂದಿಗೆ ಹದವಾಗಿ ಬೆರೆತ ಪೆಟ್ರೋಲ್ ಬರಬೇಕು, ಸಿಲಿಂಡರಿನಲ್ಲಿ ಒತ್ತಡ ನಿಲ್ಲಬೇಕು. ಯಾವುದು ತಪ್ಪಿದೆ ಎಂಬುದನ್ನು ಚಾವಿ ತಿರುಗಿಸಿದಾಗ ಆಗುವ ಸಪ್ಪಳವೇ ಅರ್ಧ ಹೇಳುತ್ತದೆ.

ಚಾವಿ ತಿರುಗಿಸಿದರೆ ಸಪ್ಪಳವೇ ಇಲ್ಲ, ಇಲ್ಲವೆ 'ಟಕ್ ಟಕ್' ಎಂದು ಸುಮ್ಮನಾಗುತ್ತದೆ ಎನ್ನಿರಿ. ಆಗ ಮುಂದಿನ ದೀಪ ಹಚ್ಚಿ ಸೆಲ್ಫ್ ಹೊಡೆಯಿರಿ. ದೀಪ ಪೂರ್ತಿ ಮಂಕಾದರೆ ಬ್ಯಾಟರಿ ಖಾಲಿ, ಅಥವಾ ಅದರ ಟರ್ಮಿನಲ್ ಸಡಿಲ. ದೀಪ ಕದಲದೆ ಉರಿಯುತ್ತಿದ್ದರೆ ಕರೆಂಟ್ ಸೆಲ್ಫಿಗೆ ಹೋಗುತ್ತಲೇ ಇಲ್ಲ. ಸೊಲೆನಾಯ್ಡ್, ಅದರ ವಾಯರು, ಚಾವಿಯ ಸ್ವಿಚ್ ಇವುಗಳತ್ತ ನೋಡಬೇಕು. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕೆ ಇಳಿದಿದ್ದರೆ ಅದು ಖಾಲಿಯಾದಂತೆಯೇ. ಆದರೆ ಹೊಸ ಬ್ಯಾಟರಿ ಕೊಳ್ಳಲು ಅವಸರ ಬೇಡ. ಟರ್ಮಿನಲ್ ಮೇಲೆ ಹಸಿರು-ಬಿಳಿ ಹುಡಿ ಕಟ್ಟಿದ್ದರೆ ಮೊದಲು ಅರ್ಥಿಂಗ್ ವಾಯರು ಬಿಚ್ಚಿ, ಆಮೇಲೆ ಇನ್ನೊಂದನ್ನು ಬಿಚ್ಚಿ, ಬಿಸಿ ನೀರಿನಲ್ಲಿ ತಿನ್ನುವ ಸೋಡಾ ಕಲಸಿ ತೊಳೆಯಿರಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಒರೆಸಿ, ಬಿಗಿದು, ವ್ಯಾಸಲಿನ್ ಸವರಿರಿ. ಎಂಜಿನ್ನಿನಿಂದ ಚಾಸಿಗೆ ಹೋಗುವ ದಪ್ಪ ಅರ್ಥಿಂಗ್ ಪಟ್ಟಿಯನ್ನು ಎಲ್ಲರೂ ಮರೆಯುತ್ತಾರೆ. ಅದು ತುಕ್ಕು ಹಿಡಿದಿದ್ದರೆ ಎಂಥ ಬ್ಯಾಟರಿ ಹಾಕಿದರೂ ಸೆಲ್ಫ್ ಎಳೆಯುವುದಿಲ್ಲ.

ಸೆಲ್ಫ್ ಜೋರಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಬ್ಯಾಟರಿಯನ್ನು ಬಿಟ್ಟುಬಿಡಿರಿ. ಕಿಡಿ ಅಥವಾ ಪೆಟ್ರೋಲ್ ಎರಡರಲ್ಲಿ ಒಂದು ಇಲ್ಲ. ಇಲ್ಲಿಯೇ ಜನ ಸೆಲ್ಫ್ ಹೊಡೆಯುತ್ತಲೇ ಹೋಗುತ್ತಾರೆ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಒಂದು ನಿಮಿಷ ಬಿಡಿರಿ. ಮೂರು ಸಲಕ್ಕೆ ಹಿಡಿಯದ್ದು ಮೂವತ್ತು ಸಲಕ್ಕೂ ಹಿಡಿಯುವುದಿಲ್ಲ.

ಹಳೆಯ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಕಿಡಿಯನ್ನು. ಒಂದು ಪ್ಲಗ್ ಬಿಚ್ಚಿ, ಅದಕ್ಕೆ ವಾಯರು ಮರಳಿ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಇಡಿರಿ. ಪ್ಲಗ್ ಬಿಚ್ಚಿದ ರಂಧ್ರದಿಂದಲೂ ಕಾರ್ಬೊರೇಟರಿನಿಂದಲೂ ದೂರವಿರಲಿ, ಎಲ್ಲಿಯೂ ಪೆಟ್ರೋಲ್ ಚೆಲ್ಲಿರಬಾರದು. ಕೈಯಲ್ಲಿ ಹಿಡಿಯಬೇಡಿರಿ, ಅಲ್ಲಿ ಬರುವುದು ಸಾವಿರಗಟ್ಟಲೆ ವೋಲ್ಟ್. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಬಣ್ಣದ ಗಟ್ಟಿ ಕಿಡಿ 'ಚಟ್ ಚಟ್' ಎಂದು ಹಾರಿದರೆ ಕಿಡಿಯ ಕಡೆ ಸರಿಯಿದೆ. ಹಳದಿಯಾದ ಸಣಕಲು ಕಿಡಿ ಬಂದರೆ, ಅಥವಾ ಏನೂ ಬಾರದಿದ್ದರೆ, ಮುಚ್ಚಳದ ನಡುವಿನಿಂದ ಕಾಯಿಲ್ ವಾಯರನ್ನು ಕಿತ್ತು, ಒಣ ಕಟ್ಟಿಗೆಗೆ ಕಟ್ಟಿ, ಅದರ ತುದಿ ಎಂಜಿನ್ನಿನಿಂದ ಕಾಲು ಅಂಗುಲ ದೂರ ನಿಲ್ಲುವಂತೆ ಮಾಡಿ ಮತ್ತೆ ತಿರುಗಿಸಿರಿ. ಇಲ್ಲಿ ಒಳ್ಳೆಯ ಕಿಡಿ ಬಂದು ಪ್ಲಗ್ಗಿನಲ್ಲಿ ಬರುತ್ತಿಲ್ಲವೆಂದರೆ ದೋಷ ಇವೆರಡರ ನಡುವೆ ಇದೆ: ಮುಚ್ಚಳ, ರೋಟರ್, ಪ್ಲಗ್ ವಾಯರು, ಇಲ್ಲವೆ ಪ್ಲಗ್ಗೇ. ಮುಚ್ಚಳದ ಒಳಮೈಯಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಅದು ಸೀಳು. ಕಿಡಿ ಅದರಗುಂಟ ಕಳ್ಳದಾರಿ ಹಿಡಿಯುತ್ತದೆ. ಅಂಥ ಮುಚ್ಚಳ ಬಿಸಿಲಲ್ಲಿ ನಡೆಯುತ್ತದೆ, ತಂಪು ಹೊತ್ತಿನಲ್ಲಿ ಕೈಕೊಡುತ್ತದೆ. ಮೇಲೆ ಹೇಳಿದ ಅಂಬಾಸಿಡರಿನ ಮುಚ್ಚಳದಲ್ಲಿಯೂ ಇಂಥದೊಂದು ಗೆರೆ ಇತ್ತು. ಒರೆಸಿದ್ದು ಆ ದಿನದ ಮಟ್ಟಿಗೆ, ಮುಂದಿನ ವಾರ ಮುಚ್ಚಳವನ್ನೇ ಬದಲಿಸಿದರು.

ಕಾಯಿಲ್ ವಾಯರಿನಲ್ಲಿಯೇ ಕಿಡಿ ಇಲ್ಲದಿದ್ದರೆ ಪಾಯಿಂಟ್ ನೋಡಬೇಕು. ಮುಚ್ಚಳ ತೆಗೆದು, ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿರುವಾಗ ಚಾವಿ ಹಾಕಿ, ಒಣ ಕಡ್ಡಿಯಿಂದ ಅದನ್ನು ತೆರೆಯಿರಿ. ಸಣ್ಣ ಕಿಡಿ ಕಾಣಬೇಕು. ಏನೂ ಕಾಣದಿದ್ದರೆ ಅಲ್ಲಿಗೆ ಕರೆಂಟ್ ಬಂದಿಲ್ಲ, ಅಥವಾ ಪಾಯಿಂಟ್ ಮುಖದ ಮೇಲೆ ಕಿಟ್ಟ ಕೂತಿದೆ. ದೊಡ್ಡದಾಗಿ ಭುಗ್ ಎಂದು ಉರಿದರೆ ಕಂಡೆನ್ಸರ್ ಕೆಟ್ಟಿದೆ ಎಂದು ತಿಳಿಯಿರಿ. ಅದು ಕೆಟ್ಟಾಗ ಪಾಯಿಂಟ್ ಬೇಗ ಸುಟ್ಟು ಗುಳಿ ಬೀಳುತ್ತದೆ. ಸಣ್ಣ ಪಾಲಿಶ್ ಪೇಪರಿನಿಂದ ಮುಖ ಉಜ್ಜಿ, ಧೂಳು ಒರೆಸಿ, ಅಂತರ ಸರಿಮಾಡಿರಿ. ಅಂಬಾಸಿಡರಿನ ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿಗೆ ಪಾಯಿಂಟ್ ಪೂರ್ತಿ ತೆರೆದಾಗ ಅಂತರ 0.35ರಿಂದ 0.40 ಮಿ.ಮೀ. ಇರಬೇಕು. ಫೀಲರ್ ಗೇಜ್ ಇಲ್ಲದಿದ್ದರೆ ನಮ್ಮ ದಪ್ಪ ಲಗ್ನಪತ್ರಿಕೆಯ ಕಾಗದ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ದಾರಿಯಲ್ಲಿ ಕೆಲಸ ನಡೆಯುತ್ತದೆ. ಬೇರೆ ಗಾಡಿಗಳಿಗೆ ಅವುಗಳ ಪುಸ್ತಕದಲ್ಲಿದ್ದ ಅಂಕಿಯನ್ನೇ ಹಿಡಿಯಿರಿ. ಎಂಜಿನ್ ನಿಂತಿರುವಾಗ ಚಾವಿಯನ್ನು ಹಾಗೆಯೇ ಬಿಟ್ಟು ಚಹಾ ಕುಡಿಯಲು ಹೋಗಬೇಡಿರಿ. ಕಾಯಿಲ್ ಕಾದು ಸುಡುತ್ತದೆ.

ಗಾಡಿ ಸರ್ವಿಸಿಂಗಿನಿಂದ ಬಂದ ಮೇಲೆಯೇ ಈ ಕಾಟ ಆರಂಭವಾಗಿದ್ದರೆ, ಕಾರ್ಬೊರೇಟರಿನಿಂದ 'ಫಟ್' ಎಂದು ಹೊಡೆಯುತ್ತಿದ್ದರೆ, ಪ್ಲಗ್ ವಾಯರುಗಳು ಅದಲು ಬದಲಾಗಿರಬಹುದು. ಅಂಬಾಸಿಡರ್, ಪದ್ಮಿನಿ ಎರಡರಲ್ಲಿಯೂ ಕಿಡಿಯ ಸರದಿ 1-3-4-2. ಬಿಚ್ಚುವ ಮೊದಲೇ ವಾಯರಿಗೊಂದು ಚೀಟಿ ಅಂಟಿಸಿದರೆ ಈ ಪಂಚಾಯಿತಿಯೇ ಇರುವುದಿಲ್ಲ.

ಈಗ ಪೆಟ್ರೋಲ್. ಮೀಟರಿನ ಮುಳ್ಳನ್ನು ನಂಬಬೇಡಿರಿ, ಹಳೆಯ ಗಾಡಿಯಲ್ಲಿ ಅದು ಸುಳ್ಳು ಹೇಳುತ್ತದೆ. ಸೆಲ್ಫ್ ಹೊಡೆದ ಮೇಲೆ ಪ್ಲಗ್ ಒಣಗಿಯೇ ಇದ್ದರೆ ಪೆಟ್ರೋಲ್ ಬಂದಿಲ್ಲ. ಕಾಯಿಲ್ ವಾಯರು ಕಿತ್ತು ಅದರ ತುದಿಯನ್ನು ಎಂಜಿನ್ನಿನ ಲೋಹಕ್ಕೆ ಬಿಗಿದು, ಕಾರ್ಬೊರೇಟರಿಗೆ ಬರುವ ನಳಿಗೆಯನ್ನು ಬಾಟಲಿಯಲ್ಲಿ ಇಟ್ಟು ತಿರುಗಿಸಿರಿ. ಚಿಮ್ಮಿ ಚಿಮ್ಮಿ ಬಂದರೆ ಪಂಪು ಸರಿ. ಕಾರ್ಬೊರೇಟರಿನ ಜಾಳಿಗೆ, ನೀಡಲ್, ಜೆಟ್ ಇವುಗಳಲ್ಲಿ ಕಸವಿದೆ. ಬಾರದಿದ್ದರೆ ಫಿಲ್ಟರ್, ಪಂಪಿನ ಪಡದೆ, ಟ್ಯಾಂಕಿನ ನಳಿಗೆ ನೋಡಿರಿ. ಈ ಕೆಲಸದ ಹೊತ್ತಿಗೆ ಬೀಡಿ ಸೇದುವವರನ್ನು ಹತ್ತು ಮಾರು ದೂರ ಕಳಿಸಿರಿ.

ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಗಮ್ಮೆಂದರೆ ಉಲ್ಟಾ ಕಥೆ. ಚೋಕ್ ಹೆಚ್ಚು ಎಳೆದು, ಆಕ್ಸಿಲರೇಟರ್ ತುಳಿದು ತುಳಿದು ಎಂಜಿನ್ನನ್ನು ಮುಳುಗಿಸಿದ್ದೀರಿ. ಚೋಕ್ ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರನ್ನು ತಳದವರೆಗೆ ಒತ್ತಿಹಿಡಿದು (ಪಂಪು ಹೊಡೆದಂತೆ ತುಳಿಯದೆ) ಸೆಲ್ಫ್ ಹೊಡೆಯಿರಿ. ಆಗದಿದ್ದರೆ ಪ್ಲಗ್ ಬಿಚ್ಚಿ ಒಣಗಿಸಿರಿ. ಇನ್ನು ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ವೈಶಾಖದ ಬಿಸಿಲಿನಲ್ಲಿ ಓಡಿ ಬಂದು ನಿಂತ ಗಾಡಿ ಹದಿನೈದು ನಿಮಿಷದ ಮೇಲೆ ಹಿಡಿಯದಿದ್ದರೆ ಪೆಟ್ರೋಲ್ ನಳಿಗೆಯಲ್ಲಿಯೇ ಆವಿಯಾಗಿರುತ್ತದೆ. ಬಾನೆಟ್ ತೆರೆದು, ಪೆಟ್ರೋಲ್ ಪಂಪಿನ ಮೇಲೆ ಹಸಿ ಅರಿವೆ ಹಾಕಿ ಕಾಯುವುದೇ ಉಪಾಯ. ಡಿಸ್ಟ್ರಿಬ್ಯೂಟರಿಗೆ ಆ ನೀರು ತಾಗದಿರಲಿ.

ಇಲ್ಲಿ ಸಕ್ಕರೆ ಕಾರಖಾನೆಯ ನೌಕರನಾಗಿ ನಾನು ಮುಚ್ಚಿಡಬಾರದ ಸಂಗತಿಯೊಂದಿದೆ. 2023ರ ಫೆಬ್ರುವರಿಯಿಂದ ನಮ್ಮ ದೇಶದಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಬಂದಿದೆ. ಕಬ್ಬಿನ ರಸ, ಕಾಕಂಬಿ, ಮೆಕ್ಕೆಜೋಳದಂಥ ಧಾನ್ಯಗಳಿಂದ ಆಗುವ ಈ ಎಥನಾಲ್ ಕಬ್ಬು ಬೆಳೆಯುವ ನಮಗೆ ಆದಾಯದ ದಾರಿ. ಆದರೆ ಹಳೆಯ ಗಾಡಿಯ ರಬ್ಬರ್ ನಳಿಗೆ, ಪಂಪಿನ ಪಡದೆ, ಗ್ಯಾಸ್ಕೆಟ್ ಇವನ್ನು ಅದಕ್ಕಾಗಿ ಮಾಡಿದ್ದಲ್ಲ. ಅವು ಉಬ್ಬಿ, ಮೆತ್ತಗಾಗಿ, ಕೊನೆಗೆ ಬಿರಿಯುತ್ತವೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಹೆಚ್ಚಾದರೆ ಎಥನಾಲ್ ನೀರಿನೊಂದಿಗೆ ಬೇರ್ಪಟ್ಟು ತಳ ಸೇರುತ್ತದೆ, ಎಂಜಿನ್ನಿಗೆ ಮೊದಲು ಹೋಗುವುದು ಅದೇ. ಚಳಿಯಲ್ಲಿ ಆವಿಯಾಗಲು ಎಥನಾಲಿಗೆ ಹೆಚ್ಚು ಶಾಖ ಬೇಕಾಗುವುದರಿಂದ ಬೆಳಗಿನ ಹೊತ್ತು ಗಾಡಿ ಇನ್ನಷ್ಟು ಹಟ ಮಾಡುತ್ತದೆ. ಆದ್ದರಿಂದ ಎಥನಾಲ್ ತಾಳುವ ನಳಿಗೆ ಹಾಕಿಸಿರಿ, ಟ್ಯಾಂಕಿನ ನಂತರ ಒಂದು ಫಿಲ್ಟರ್ ಕೂಡಿಸಿರಿ, ವಾರಕ್ಕೊಮ್ಮೆಯಾದರೂ ಗಾಡಿ ಓಡಿಸಿರಿ. ನಳಿಗೆಯಿಂದ ಪೆಟ್ರೋಲ್ ಒಸರುತ್ತಿದ್ದರೆ ಚಾವಿಯನ್ನೇ ಮುಟ್ಟಬೇಡಿರಿ.

ಕಿಡಿ ಇದೆ, ಪೆಟ್ರೋಲ್ ಇದೆ, ಆದರೂ ಎಂಜಿನ್ ಎಂದಿಗಿಂತ ಹಗುರಾಗಿ, ಜೋರಾಗಿ, ಒಂದೇ ಸಮನೆ ತಿರುಗುತ್ತಿದೆ ಎಂದರೆ ಒತ್ತಡ ಹೋಗಿದೆ. ವಾಲ್ವ್, ರಿಂಗ್, ಟೈಮಿಂಗ್ ಚೈನ್ ಇವುಗಳ ಕೆಲಸ ಅದು. ಅಲ್ಲಿ ನಮ್ಮ ಕೈ ಬೇಡ, ಮಿಸ್ತ್ರಿಯನ್ನು ಕರೆಯಿರಿ.

ಕಬ್ಬು ಸಾಗಿಸುವ ಟ್ರ್ಯಾಕ್ಟರಿಗೂ ಡೀಸೆಲ್ ಗಾಡಿಗಳಿಗೂ ಪ್ಲಗ್, ಪಾಯಿಂಟ್ ಇಲ್ಲವಾದ್ದರಿಂದ ಹುಡುಕುವುದು ಸುಲಭ. ಮೊದಲು ಎಂಜಿನ್ ನಿಲ್ಲಿಸುವ ಹಿಡಿಕೆಯನ್ನು ಒಳಗೆ ತಳ್ಳಿದ್ದೀರಾ ನೋಡಿರಿ. ನಗಬೇಡಿರಿ, ಮಿಸ್ತ್ರಿಗಾಗಿ ಮೂರು ತಾಸು ಕಾದು ಕೊನೆಗೆ ಇದೇ ಸಿಕ್ಕ ಪ್ರಸಂಗ ನಾನು ಕಂಡಿದ್ದೇನೆ. ಡೀಸೆಲ್ ಒಮ್ಮೆ ಪೂರ್ತಿ ಮುಗಿದಿದ್ದರೆ ನಳಿಗೆಯಲ್ಲಿ ಗಾಳಿ ಸೇರಿರುತ್ತದೆ. ಡೀಸೆಲ್ ತುಂಬಿ, ಫಿಲ್ಟರಿನ ಮೇಲಿನ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಕೈಪಂಪು ಹೊಡೆಯಿರಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೆ ಬಿಗಿಯಿರಿ. ಅದೇ ರೀತಿ ಇಂಜೆಕ್ಷನ್ ಪಂಪಿನ ಸ್ಕ್ರೂವಿನಲ್ಲಿಯೂ ಮಾಡಿರಿ. ಚಳಿಯಲ್ಲಿ ಏರ್ ಕ್ಲೀನರಿನ ಬಾಯಿಗೆ ಉರಿಯುವ ಅರಿವೆ ಹಿಡಿಯುವ ರೂಢಿಯನ್ನು ದಯವಿಟ್ಟು ಬಿಡಿರಿ. ಹಿಂದೆ ಟ್ರಾಲಿಯಲ್ಲಿರುವುದು ಒಣ ರವದಿಯ ಕಬ್ಬು. ಕಡಿದ ಕಬ್ಬು ನಿಂತಷ್ಟು ಹೊತ್ತು ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. ಟ್ರ್ಯಾಕ್ಟರ್ ಅರ್ಧ ತಾಸಿನಲ್ಲಿ ಸರಿಹೋಗುವಂತಿಲ್ಲ ಎನಿಸಿದರೆ ಕೂಡಲೇ ಗಟ್ ಕಚೇರಿಗೆ ತಿಳಿಸಿರಿ, ಬೇರೆ ವಾಹನ ಜೋಡಿಸಲು ಪ್ರಯತ್ನಿಸುತ್ತೇವೆ.

ಹಳೆಯ ಕಾರು ಇಟ್ಟುಕೊಂಡವರು ಡಿಕ್ಕಿಯಲ್ಲಿ ಒಂದು ಪ್ಲಗ್ ಪಾನಾ, ಒಂದು ಸ್ಕ್ರೂ ಡ್ರೈವರ್, ಪಕ್ಕಡ್, ಪಾಲಿಶ್ ಪೇಪರಿನ ತುಂಡು, ಒಣ ಅರಿವೆ, ಟಾರ್ಚು ಮತ್ತು ಒಂದು ಜೊತೆ ಪಾಯಿಂಟ್-ಕಂಡೆನ್ಸರ್ ಇಡಿರಿ. ಪಾಯಿಂಟ್ ಕೊಳ್ಳಲು ಹೋಗುವಾಗ ಹಳೆಯದನ್ನು ಕೈಯಲ್ಲಿ ಒಯ್ಯಿರಿ. ನೋಡಲು ಒಂದೇ ಥರ ಕಂಡರೂ ಕೂಡುವ ರಂಧ್ರ ಬೇರೆ ಇರುತ್ತದೆ.