ಬೂಕರ್ ಗೆದ್ದ ಪುಸ್ತಕದ ‘ಕನ್ನಡ ಮೂಲ’ ಎಲ್ಲಿದೆ?

ಇವತ್ತು ಒಂದು ತಮಾಷೆಯ ಪ್ರಶ್ನೆಯಿಂದ ಶುರು ಮಾಡೋಣ. 2025ರ ಮೇ 20ರಂದು ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತು. ಕನ್ನಡದಿಂದ ಅನುವಾದವಾದ ಪುಸ್ತಕಕ್ಕೆ ಈ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಮಾರನೇ ದಿನವೇ ನೀವು ಪುಸ್ತಕದ ಅಂಗಡಿಗೆ ಹೋಗಿ, ‘ಇದರ ಕನ್ನಡ ಮೂಲ ಕೊಡಿ’ ಅಂತ ಕೇಳಿದ್ದರೆ?

ಅಂಗಡಿಯವರಿಗೆ ಪೇಚಾಟ ಆಗ್ತಿತ್ತು. ಯಾಕಂದ್ರೆ, ಅದೇ 12 ಕಥೆಗಳಿರೋ ಒಂದು ಕನ್ನಡ ಪುಸ್ತಕ ಅದಕ್ಕೂ ಮೊದಲು ಬಂದೇ ಇರಲಿಲ್ಲ!

ಕಥೆಗಳೇನೋ ಕನ್ನಡದವೇ. ಹಾಸನದ ಬಾನು ಅವರು 1990ರಿಂದ 2023ರವರೆಗೆ ಬರೆದವು, ಬೇರೆ ಬೇರೆ ಸಂಕಲನಗಳಲ್ಲಿ ಇದ್ದವು. ಮಡಿಕೇರಿಯ ದೀಪಾ ಭಾಸ್ತಿ ಅವುಗಳನ್ನೆಲ್ಲ ಓದಿ, 12 ಕಥೆ ಆರಿಸಿ, ಇಂಗ್ಲಿಷಿಗೆ ತಂದರು. ಅಂದ್ರೆ, ಕಥೆಗಳು ಬಾನು ಅವರವು. ಈ ಪುಸ್ತಕಕ್ಕೆ ಒಂದು ರೂಪ ಕೊಟ್ಟವರು ದೀಪಾ.

ಅದಕ್ಕೇ ಇರಬೇಕು, ಈ ಪ್ರಶಸ್ತಿಯ ಲೆಕ್ಕಾಚಾರ ತುಂಬಾ ನ್ಯಾಯ ಅನ್ಸುತ್ತೆ. ಬಹುಮಾನ 50 ಸಾವಿರ ಪೌಂಡ್. ಲೇಖಕರಿಗೆ 25 ಸಾವಿರ, ಅನುವಾದಕರಿಗೆ 25 ಸಾವಿರ. ಸರಿಸಮ ಪಾಲು. ಮೊದಲು ಹೀಗಿರಲಿಲ್ಲ. ಆಗ ಎರಡು ವರ್ಷಕ್ಕೊಮ್ಮೆ, ಒಬ್ಬ ಲೇಖಕರ ಒಟ್ಟು ಸಾಹಿತ್ಯಕ್ಕೆ ಕೊಡ್ತಿದ್ರು. ನಮ್ಮ ಯು.ಆರ್. ಅನಂತಮೂರ್ತಿ 2013ರಲ್ಲಿ ಅಂತಿಮ ಪಟ್ಟಿಗೆ ಬಂದಿದ್ದು ಹಾಗೆ. 2016ರಿಂದ ಪ್ರತಿ ವರ್ಷ, ಒಂದೇ ಪುಸ್ತಕಕ್ಕೆ, ಇಬ್ಬರಿಗೂ ಅನ್ನೋ ನಿಯಮ ಬಂತು.

‘ಅನುವಾದಕ್ಕೆ ಅರ್ಧ ದುಡ್ಡಾ?’ ಅನ್ನಿಸ್ತಾ? ಒಂದು ಚಿಕ್ಕ ಪರೀಕ್ಷೆ ಮಾಡಿ. ಹೆಂಡತಿ ಗಂಡನನ್ನು ‘ರೀ’ ಅಂತ ಕರೀತಾಳಲ್ಲ, ಅದನ್ನ ಇಂಗ್ಲಿಷಲ್ಲಿ ಹೇಳಿ ನೋಡೋಣ. ಆ ಒಂದಕ್ಷರದಲ್ಲಿ ಸಲುಗೆ, ಮರ್ಯಾದೆ, ಕೆಲವೊಮ್ಮೆ ಸಿಟ್ಟು, ಎಲ್ಲಾ ಇದೆ. ಇಂಥದ್ದು ಪುಟಪುಟಕ್ಕೂ ಎದುರಾಗುತ್ತೆ. ದೀಪಾ ಅವರು ಕನ್ನಡ, ಉರ್ದು, ಅರೇಬಿಕ್ ಪದಗಳನ್ನ ಹಾಗೇ ಉಳಿಸಿಕೊಂಡ್ರು. ಓರೆ ಅಕ್ಷರ ಇಲ್ಲ, ಅಡಿಟಿಪ್ಪಣಿನೂ ಇಲ್ಲ. ಇಂಗ್ಲಿಷ್ ಓದುಗರೇ ನಮ್ಮ ಮಾತಿಗೆ ಕಿವಿ ಹೊಂದಿಸಿಕೊಳ್ಳಲಿ ಅಂತ.

ಇಷ್ಟೆಲ್ಲ ಮಾಡಿದವರ ಹೆಸರು ಎಷ್ಟೋ ಪುಸ್ತಕಗಳ ಮುಖಪುಟದಲ್ಲಿ ಇರೋದೇ ಇಲ್ಲ. ಪೋಲಿಷ್ ಲೇಖಕಿ ಓಲ್ಗಾ ತೊಕಾರ್ಚುಕ್ ಜೊತೆ 2018ರಲ್ಲಿ ಇದೇ ಪ್ರಶಸ್ತಿ ಗೆದ್ದ ಅನುವಾದಕಿ ಜೆನಿಫರ್ ಕ್ರಾಫ್ಟ್, 2021ರಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟರು: ಮುಖಪುಟದಲ್ಲಿ ನನ್ನ ಹೆಸರಿಲ್ಲ ಅಂದ್ರೆ ಇನ್ಮುಂದೆ ಅನುವಾದ ಮಾಡಲ್ಲ. ಹೆಸರು ಕಂಡ್ರೆ ತಾನೇ ಓದುಗರು ಗುರುತಿಟ್ಟುಕೊಳ್ಳೋದು, ಮುಂದಿನ ಕೆಲಸ ಸಿಗೋದು, ಸಂಭಾವನೆ ಬಗ್ಗೆ ಮಾತಾಡೋ ಧೈರ್ಯ ಬರೋದು?

ಹಾಗಾಗಿ ನಿಮಗೊಂದು ಹೋಂವರ್ಕ್. ನೀವು ಇಷ್ಟಪಟ್ಟ ಒಂದು ಅನುವಾದಿತ ಪುಸ್ತಕ ನೆನಪು ಮಾಡ್ಕೊಳ್ಳಿ. ಅನುವಾದಕರು ಯಾರು, ಥಟ್ ಅಂತ ಹೊಳೀತಾ? ಇಲ್ಲ ಅಂದ್ರೆ ಕಪಾಟಿಂದ ತೆಗೆದು ನೋಡಿ. ಆ ಹೆಸರಲ್ಲಿ ಇನ್ನೊಂದು ಒಳ್ಳೆ ಪುಸ್ತಕನೂ ಸಿಗಬಹುದು.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.